ಮಲೆನಾಡಿನ ಹಿತ್ತಲ ಬೇಲಿ: ರಚನೆ, ನಿರ್ವಹಣೆ ಮತ್ತು ಜನಪದ ನ್ಯಾಯ

ಕರ್ನಾಟಕದ ಜಾನಪದ ಅಧ್ಯಯನವು ಗೀತೆ, ಕಥೆ, ಗಾದೆ, ಒಗಟು, ಆಚರಣೆ ಮತ್ತು ರಂಗಕಲೆಗಳ ಕಡೆಗೆ ನೀಡಿದ ಗಮನವನ್ನು ಭೌತಿಕ ಸಂಸ್ಕೃತಿಯ ಕಡೆಗೆ ತಡವಾಗಿ ನೀಡಿತು. ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿಯೂ ಮನೆ, ಉಡುಗೆ, ಆಭರಣ, ಬೇಸಾಯದ ಉಪಕರಣಗಳಿಗೆ ಸಿಕ್ಕ ಸ್ಥಾನ ಬೇಲಿಗೆ ಸಿಕ್ಕಿಲ್ಲ. ನೇಗಿಲು, ಒನಕೆ, ಬೀಸುಕಲ್ಲುಗಳನ್ನು ವಸ್ತುಸಂಗ್ರಹಾಲಯದಲ್ಲಿ ತಂದಿರಿಸಬಹುದು. ಬೇಲಿಯನ್ನು ಹಾಗೆ ತಂದಿರಿಸಲು ಬರುವುದಿಲ್ಲ. ಅದು ನಿಂತ ನೆಲದಿಂದ ಕಿತ್ತರೆ ಉಳಿಯುವುದು ಒಂದು ಹೊರೆ ಸೌದೆ ಮಾತ್ರ. ಎರಡು ಮಳೆಗಾಲ ಕೈಯಾಡಿಸದೆ ಬಿಟ್ಟರೆ ಗೆದ್ದಲು ಮತ್ತು ಮಳೆ ಸೇರಿ ಅದನ್ನು ನೆಲಕ್ಕೆ ಮರಳಿಸುತ್ತವೆ.

ಬೇಲಿಯ ಈ ಅಶಾಶ್ವತತೆಯೇ ಅದರ ಸಾಮಾಜಿಕ ಅರ್ಥವನ್ನು ತಿಳಿಯುವ ದಾರಿ. ಗೋಡೆಯನ್ನು ಒಮ್ಮೆ ಕಟ್ಟಿ ಮರೆಯಬಹುದು. ಬೇಲಿಯನ್ನು ಪ್ರತಿವರ್ಷವೂ ಮತ್ತೆ ಕಟ್ಟಬೇಕು. ಪ್ರತಿವರ್ಷ ಕಟ್ಟುವಾಗಲೂ ನೆರೆಮನೆಯವರೊಡನೆ ಮಾತನಾಡಬೇಕು. ಮಲೆನಾಡಿನ ಹಿತ್ತಲ ಬೇಲಿಯು ಎರಡು ಮನೆಗಳು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಿದ್ದ ಒಂದು ಬರೆಯದ ಒಡಂಬಡಿಕೆ ಎಂಬುದನ್ನು ಅದರ ರಚನೆ, ನಿರ್ವಹಣೆ ಮತ್ತು ನ್ಯಾಯಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ ಹಾಗೂ ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ತಾಲ್ಲೂಕುಗಳ ಪ್ರದೇಶ ಈ ಅಧ್ಯಯನದ ಕೇಂದ್ರ. ಬಯಲುಸೀಮೆ ಮತ್ತು ಕರಾವಳಿಯ ಸಂಗತಿಗಳನ್ನು ಹೋಲಿಕೆಗಾಗಿ ಮಾತ್ರ ಬಳಸಿಕೊಳ್ಳಲಾಗಿದೆ.

ಪದ ಮತ್ತು ಪರಿಸರ

'ಬೇಲಿ' ಅಚ್ಚ ದ್ರಾವಿಡ ಪದ. ತಮಿಳು ಮತ್ತು ಮಲೆಯಾಳಗಳ 'ವೇಲಿ' ಇದರ ಜ್ಞಾತಿಪದ. ವಕಾರವು ಕನ್ನಡದಲ್ಲಿ ಬಕಾರವಾಗುವ ನಿಯಮಕ್ಕೆ ಇದೂ ಒಂದು ಉದಾಹರಣೆ. 'ಹಿತ್ತಲು' ಎಂಬುದು ಹಳಗನ್ನಡದ 'ಪಿತ್ತಿಲ್' ರೂಪದಿಂದ ಬಂದುದು. ಮನೆಯ ಮುಂದಿನ ಅಂಗಳವು ಅತಿಥಿಗೆ, ಒಕ್ಕಣೆಗೆ, ಹಬ್ಬಕ್ಕೆ ಮೀಸಲಾದರೆ ಹಿಂದಿನ ಹಿತ್ತಲು ಅಡುಗೆಮನೆಗೆ ಸೇರಿದ ಭೂಮಿ. ತರಕಾರಿ, ಹೂವು, ಮದ್ದಿನ ಸೊಪ್ಪು, ಬಾಳೆ, ಬಚ್ಚಲ ನೀರು ಹರಿಯುವಲ್ಲಿ ಕೆಸುವು, ಒಂದೆಲಗ ಇವೆಲ್ಲ ಅಲ್ಲಿಯವು.

ಒಣನಾಡಿನ ಹಳ್ಳಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಲ್ಲುತ್ತವೆ. ಅಲ್ಲಿ ಬೇಲಿಯ ಮುಖ್ಯ ಸ್ಥಾನ ಹೊಲ ಮತ್ತು ಕಣ. ಮಲೆನಾಡಿನಲ್ಲಿ ಮನೆಗಳು ಚದುರಿಕೊಂಡು, ಒಂದೊಂದೂ ತನ್ನ ತೋಟ, ಗದ್ದೆ ಮತ್ತು ಸೊಪ್ಪಿನಬೆಟ್ಟಗಳ ನಡುವೆ ಇರುತ್ತವೆ. ಕಾಡು ಹಿತ್ತಲ ಅಂಚಿಗೇ ಬಂದಿರುತ್ತದೆ. ದನಕರುಗಳು ಹಗಲೆಲ್ಲ ಬಿಟ್ಟುಮೇಯುತ್ತವೆ. ಆದ್ದರಿಂದ ಇಲ್ಲಿ ಬೇಲಿಯು ಮನೆಯ ವಿನ್ಯಾಸದ ಭಾಗವೇ ಆಗಿದೆ. ಕರಾವಳಿಗೆ ಇಳಿದರೆ ಮುರಕಲ್ಲಿನ ಪಾಗಾರ ಕಾಣುತ್ತದೆ. ತುಮಕೂರು, ಕೋಲಾರಗಳ ಕಡೆ ನೆಟ್ಟ ಕಲ್ಲುಕೂಚಗಳು ಕಾಣುತ್ತವೆ. ನೆಲ ಏನನ್ನು ಧಾರಾಳವಾಗಿ ಕೊಡುವುದೋ ಅದರಿಂದಲೇ ಬೇಲಿ ಆಗುತ್ತದೆ ಎಂಬುದು ಸಾಮಾನ್ಯ ನಿಯಮ. ಮಲೆನಾಡು ಧಾರಾಳವಾಗಿ ಕೊಟ್ಟಿದ್ದು ಬಿದಿರು, ಮುಳ್ಳು, ಹಂಬು ಮತ್ತು ಕಡಿದು ನೆಟ್ಟರೆ ಚಿಗುರುವ ರೆಂಬೆ.

ಒಣಬೇಲಿ ಮತ್ತು ಹಸಿಬೇಲಿ

ಹಿತ್ತಲ ಬೇಲಿಯಲ್ಲಿ ಎರಡು ಮುಖ್ಯ ಬಗೆಗಳನ್ನು ಗುರುತಿಸಬಹುದು. ಗೂಟ ನೆಟ್ಟು, ಅಡ್ಡಗಳ ಕಟ್ಟಿ, ಮುಳ್ಳು ತುಂಬಿದ ಬೇಲಿ ಒಂದು, ಅದು ಒಣಬೇಲಿ. ಜೀವವಿರುವ ಗಿಡಗಳನ್ನು ಸಾಲಾಗಿ ನೆಟ್ಟು ಬೆಳೆಸಿದ್ದು ಇನ್ನೊಂದು, ಅದು ಹಸಿಬೇಲಿ. ಬಳಕೆಯಲ್ಲಿ ಇವೆರಡೂ ಬೆರೆತೇ ಇರುತ್ತವೆ. ಹೊಸದಾಗಿ ಹಾಕಿದ ಒಣಬೇಲಿಯ ಆಸರೆಯಲ್ಲಿ ಹಸಿಗೂಟಗಳು ಚಿಗುರುತ್ತವೆ. ನಾಲ್ಕಾರು ವರ್ಷಗಳಲ್ಲಿ ಒಣಗೂಟಗಳು ಕುಂಬಾಗುವ ವೇಳೆಗೆ ಹಸಿಗೂಟಗಳು ಅವುಗಳ ಹೊಣೆಯನ್ನು ಹೊತ್ತಿರುತ್ತವೆ. ತೋಟದ ಕಡೆಯ ಗಡಿಯಲ್ಲಿ ಇವುಗಳ ಜೊತೆಗೆ ಅಗಳು ತೋಡುವ ಕ್ರಮವೂ ಇದೆ. ಅಗಳಿನಿಂದ ತೆಗೆದ ಮಣ್ಣನ್ನು ಒಳಮಗ್ಗುಲಿಗೆ ಹಾಕಿ ದರೆ ಮಾಡಿ, ದರೆಯ ಮೇಲೆ ಬೇಲಿ ನಿಲ್ಲಿಸುತ್ತಾರೆ. ಆಗ ಮೂರಡಿ ಬೇಲಿಯೂ ಹೊರಗಿನ ದನಕ್ಕೆ ಆರಡಿಯಾಗಿ ಕಾಣುತ್ತದೆ.

ಒಣಗೂಟಕ್ಕೆ ಆರಿಸುವ ಮರದಲ್ಲಿ ಜನರು ನೋಡುವುದು ಚೇಗನ್ನು. ಕಗ್ಗಲಿ, ಮತ್ತಿ, ಹೊನ್ನೆಗಳ ಚೇಗಿಗೆ ಗೆದ್ದಲು ಬೇಗ ಹತ್ತುವುದಿಲ್ಲ. ಹೂಳುವ ತುದಿಯನ್ನು ಬೆಂಕಿಯಲ್ಲಿ ಕಪ್ಪಾಗುವವರೆಗೆ ಸುಟ್ಟು ನೆಡುವುದೂ ರೂಢಿ. ಅಡ್ಡಪಟ್ಟಿಗೆ ಬಿದಿರಿನ ಗಳ ಅಥವಾ ಸೀಳಿದ ಅಡಿಕೆ ದಬ್ಬೆ ಬಳಸುತ್ತಾರೆ. ಫಲ ಮುಗಿಸಿದ ಅಡಿಕೆ ಮರವು ಹೀಗೆ ಬೇಲಿಯಾಗಿ ಮತ್ತೆರಡು ಮೂರು ವರ್ಷ ಬಾಳುತ್ತದೆ. ಬಿದಿರ ಮುಳ್ಳು, ಸೀಗೆ ಮುಳ್ಳುಗಳು ತುಂಬುವ ಸಾಮಗ್ರಿ.

ಹಸಿಬೇಲಿಗೆ ಗಿಡ ಆರಿಸುವುದರಲ್ಲಿ ಇರುವ ಜ್ಞಾನ ಗಮನಾರ್ಹವಾದುದು. ಮೂರು ಗುಣಗಳು ಇರಬೇಕು: ರೆಂಬೆ ಕಡಿದು ನೆಟ್ಟರೆ ಬೇರು ಬಿಡಬೇಕು, ಎಷ್ಟು ಸವರಿದರೂ ಮತ್ತೆ ಒಡೆಯಬೇಕು, ದನ, ಆಡುಗಳು ಬಾಯಿ ಹಾಕಬಾರದು. ಲಕ್ಕಿ, ಆಡುಸೋಗೆ, ಕಾಡುಹರಳು ಈ ಮೂರು ಪರೀಕ್ಷೆಗಳಲ್ಲಿಯೂ ಗೆದ್ದ ಗಿಡಗಳು. ಆಡುಸೋಗೆಯ ಎಲೆಯ ಕಹಿ, ಲಕ್ಕಿಯ ಘಾಟು, ಕಾಡುಹರಳಿನ ಹಾಲು ಇವು ಮುಳ್ಳಿಲ್ಲದೆಯೇ ಮುಳ್ಳಿನ ಕೆಲಸ ಮಾಡುತ್ತವೆ. ಹಾಲವಾಣ ಮತ್ತು ಗೊಬ್ಬರದ ಗಿಡವೆಂದು ಕರೆಯುವ ಗ್ಲಿರಿಸೀಡಿಯಗಳ ಎಲೆಯನ್ನು ದನ ತಿನ್ನುತ್ತದೆ. ಆದರೂ ಅವುಗಳ ಗೂಟ ಬೇಗ ಬೇರು ಹಿಡಿದು ದಪ್ಪವಾಗುವುದರಿಂದ ಮೂಲೆಗಳಿಗೆ ಅವನ್ನೇ ನೆಡುತ್ತಾರೆ. ಸವರಿದ ಸೊಪ್ಪು ಗೊಬ್ಬರಗುಂಡಿಗೆ ಅಥವಾ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ.

ಕಟ್ಟುವ ಕಾಲ ಮತ್ತು ಕ್ರಮ

ಬೇಲಿಯ ಕೆಲಸ ಮಳೆ ನಕ್ಷತ್ರಗಳನ್ನು ಅನುಸರಿಸುತ್ತದೆ. ಮುಳ್ಳು, ಗೂಟ, ಗಳಗಳನ್ನು ಬೇಸಿಗೆಯಲ್ಲಿ ಕಡಿದು ತಂದು ಒಟ್ಟುತ್ತಾರೆ. ಕೃತ್ತಿಕೆಯ ಬಿಡಿಮಳೆಗಳು ಬಿದ್ದು ನೆಲ ಮೆತ್ತಗಾದಾಗ ಗೂಟ ಹೂಳುವುದು ಸುಲಭ. ಹಸಿಗೂಟ ನೆಡಲು ಮೇ ಕೊನೆಗೆ ಬರುವ ರೋಹಿಣಿ ಮತ್ತು ಜೂನ್ ಮೊದಲ ಭಾಗದ ಮೃಗಶಿರಾ ಪ್ರಶಸ್ತ. ಆರಿದ್ರೆಯ ಜಡಿಮಳೆ ಹಿಡಿಯುವುದರೊಳಗೆ ಬೇಲಿ ಮುಗಿದಿರಬೇಕು. ಏಕೆಂದರೆ ಹಿತ್ತಲಿಗೆ ಹಾಕಿದ ಹೀರೆ, ಬೆಂಡೆ, ಮಗೆಸೌತೆಗಳು ಅಷ್ಟರಲ್ಲಿ ಮೊಳೆತಿರುತ್ತವೆ. ಮಳೆಗಾಲದ ಉದ್ದಕ್ಕೂ ಮನೆಗೆ ತರಕಾರಿ ಸಿಗುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಈ ಮೂರು ವಾರಗಳ ಕೆಲಸ ನಿರ್ಧರಿಸುತ್ತಿತ್ತು.

ಕೆಲಸದ ಕ್ರಮ ಹೀಗಿದೆ. ಮೊದಲು ಮೂಲೆಗೂಟಗಳನ್ನು ನೆಟ್ಟು ಹಗ್ಗ ಎಳೆದು ಸಾಲು ನೋಡುತ್ತಾರೆ. ಹಾರೆಯಿಂದ ಒಂದು ಮೊಳ ಆಳಕ್ಕೆ ಕುಳಿ ತೆಗೆದು, ಸುಮಾರು ಒಂದು ಮಾರಿಗೆ ಒಂದರಂತೆ ದೊಡ್ಡ ಗೂಟಗಳನ್ನು ಹೂಳಿ, ಸುತ್ತ ಕಲ್ಲುಚೂರು ಹಾಕಿ ಗುದ್ದುತ್ತಾರೆ. ನಡುವೆ ಸಣ್ಣ ಗೂಟಗಳು ಬರುತ್ತವೆ. ನೆಲದಿಂದ ಒಂದು ಗೇಣಿನ ಮೇಲೆ ಮೊದಲ ಅಡ್ಡಗಳ, ಸೊಂಟದ ಮಟ್ಟಕ್ಕೆ ಎರಡನೆಯದು. ಮುಳ್ಳನ್ನು ಬುಡ ಒಳಗೆ, ತುದಿ ಹೊರಗೆ ಬರುವಂತೆ ಓರೆಯಾಗಿ ಇಡುತ್ತಾ ಹೋಗುತ್ತಾರೆ. ಕೈಗೆ ಮುಳ್ಳು ತಾಗದಂತೆ ಒತ್ತಲು ಕವೆಗೋಲು ಬಳಸುತ್ತಾರೆ. ಮುಳ್ಳಿನ ಮೇಲೆ ಹೊರಗಿನಿಂದ ಇನ್ನೊಂದು ಗಳ ಇಟ್ಟು, ಒಳಗಿನ ಗಳಕ್ಕೆ ಸೇರಿಸಿ ಹಂಬಿನಿಂದ ಬಿಗಿಯುತ್ತಾರೆ. ಹಂಬನ್ನು ಹಸಿಯಿರುವಾಗಲೇ ಕಟ್ಟಬೇಕು. ಒಣಗಿದ ಹಂಬು ಮುರಿಯುತ್ತದೆ, ಹಸಿಯದು ಒಣಗುತ್ತ ಬಿಗಿಯಾಗುತ್ತದೆ. ಕೆಳಗಿನ ಗೇಣಗಲ ಸಂದಿಗೆ ಒತ್ತಾಗಿ ಮುಳ್ಳು ತುಂಬುವುದನ್ನು ಮರೆಯುವುದಿಲ್ಲ. ದನ ಮೇಲಿನಿಂದ ಬರುತ್ತದೆ, ಕೋಳಿ ಮತ್ತು ಹಂದಿ ಕೆಳಗಿನಿಂದ ಬರುತ್ತವೆ ಎಂಬ ಅರಿವು ಈ ಕ್ರಮದಲ್ಲಿದೆ.

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಳಗೊಬ್ಬರು, ಹೊರಗೊಬ್ಬರು ನಿಂತು ಹಂಬನ್ನು ಪರಸ್ಪರ ದಾಟಿಸಬೇಕು. ಆದುದರಿಂದ ಗದ್ದೆಯ ನಾಟಿಯಂತೆ ಬೇಲಿಯ ಕೆಲಸವೂ ಮುಯ್ಯಾಳಿನ ವ್ಯವಸ್ಥೆಗೆ ಒಳಪಟ್ಟಿತ್ತು. ಒಂದು ಮನೆಯವರು ಇನ್ನೊಂದು ಮನೆಯ ಬೇಲಿಗೆ ಕೊಟ್ಟ ದಿನವನ್ನು ದಿನದಿಂದಲೇ ತೀರಿಸುತ್ತಿದ್ದರು.

ವಾರ್ಷಿಕ ನಿರ್ವಹಣೆಯಲ್ಲಿ ಎರಡು ಹಂತಗಳಿವೆ. ಮಳೆಗೆ ಮುನ್ನ ಕುಂಬಾದ ಗೂಟ ಬದಲಿಸಿ ಕಂಡಿ ಮುಚ್ಚುವುದು ಮೊದಲನೆಯದು. ಮಳೆ ಕಳೆದ ಮೇಲೆ ಹಸಿಬೇಲಿಯ ತಲೆ ಸವರುವುದು ಎರಡನೆಯದು. ಸವರದಿದ್ದರೆ ಗಿಡ ಎತ್ತರಕ್ಕೆ ಹೋಗಿ ಬುಡ ಬರಿದಾಗುತ್ತದೆ. ಬುಡ ಬರಿದಾದ ಬೇಲಿ ನೋಟಕ್ಕೆ ಮಾತ್ರ ಬೇಲಿ. ಬೇಲಿ ಮುಗಿದಾಗ ಸುಣ್ಣದ ಬೊಟ್ಟಿಟ್ಟ ಮಡಕೆಯನ್ನು ಎದ್ದು ಕಾಣುವ ಗೂಟಕ್ಕೆ ಕವುಚುವುದು ದೃಷ್ಟಿ ತಾಗದಿರಲೆಂಬ ನಂಬಿಕೆಯಿಂದ.

ಉಣುಗೋಲು ಮತ್ತು ತಡಬೆ

ಬೇಲಿಯ ಅಧ್ಯಯನದಲ್ಲಿ ಅತ್ಯಂತ ಮಹತ್ವದ ಭಾಗ ಅದರ ತೆರಪು. ಮಲೆನಾಡಿನ ಜನರು ದನವನ್ನು ತಡೆದು ಮನುಷ್ಯನನ್ನು ಬಿಡುವ ಎರಡು ಸರಳ ಸಾಧನಗಳನ್ನು ರೂಪಿಸಿಕೊಂಡಿದ್ದರು. ಉಣುಗೋಲಿನಲ್ಲಿ ಎದುರುಬದುರಾಗಿ ಎರಡು ದಪ್ಪ ಕಂಬಗಳಿರುತ್ತವೆ. ಅವುಗಳಲ್ಲಿ ಒಂದರ ಮೇಲೊಂದರಂತೆ ತೂತುಗಳನ್ನು ಕೊರೆದು, ಬಿದಿರಿನ ಗಳಗಳನ್ನು ಅಡ್ಡಲಾಗಿ ತೂರಿಸುತ್ತಾರೆ. ಗಾಡಿ ಅಥವಾ ದನ ಹೋಗಬೇಕಾದಾಗ ಎಲ್ಲ ಗಳಗಳನ್ನೂ ಸರಿಸಬಹುದು. ಒಬ್ಬರೇ ಹೋಗುವಾಗ ಮೇಲಿನ ಒಂದೆರಡನ್ನು ಸರಿಸಿ ದಾಟಿದರೆ ಸಾಕು. ಸಾಗರ, ಸಿದ್ದಾಪುರ, ಶಿರಸಿಗಳ ಕಡೆ ಇಂತಹ ಪ್ರವೇಶಕ್ಕೆ ದಣಪೆ ಎಂಬ ಹೆಸರು ಬಳಕೆಯಲ್ಲಿದೆ. ತಡಬೆಯು ಇದಕ್ಕಿಂತ ಕಿರಿದು. ಕವೆಯಾಗಿ ಒಡೆದ ಮರವನ್ನೋ ಮೆಟ್ಟಿಲಿನಂತಹ ಕಲ್ಲು ಅಥವಾ ಹಲಗೆಯನ್ನೋ ಬೇಲಿಯ ನಡುವೆ ಇಟ್ಟು, ಮನುಷ್ಯರು ಮಾತ್ರ ಹತ್ತಿ ಇಳಿಯುವಂತೆ ಮಾಡಿದ ದಾರಿ ಅದು. ಕರಾವಳಿಯಲ್ಲಿ ಇದನ್ನೇ ತಡಮೆ ಎನ್ನುತ್ತಾರೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳ ಲೋಕದಲ್ಲಿ ಉಣುಗೋಲು, ತಡಬೆಗಳು ನಿತ್ಯದ ವಸ್ತುಗಳು. ಇಂದಿನ ಓದುಗರಲ್ಲಿ ಅನೇಕರಿಗೆ ಅವುಗಳ ಅರ್ಥವನ್ನು ಟಿಪ್ಪಣಿಯಲ್ಲಿ ವಿವರಿಸಬೇಕಾಗಿದೆ.

ಉಣುಗೋಲಿಗೆ ಬೀಗವಿರಲಿಲ್ಲ. ಅದರ ಕಾವಲು ದಾಟಿದವನ ನಡತೆಯಲ್ಲಿತ್ತು: ಸರಿಸಿದ ಗಳವನ್ನು ಮತ್ತೆ ಎಳೆದು ಹೋಗಬೇಕು. ಮಕ್ಕಳಿಗೆ ಕಲಿಸುತ್ತಿದ್ದ ಮೊದಲ ಪಾಠಗಳಲ್ಲಿ ಇದೂ ಒಂದು. ಗಳ ಎಳೆಯದೆ ಹೋದವನನ್ನು ಊರು ಬಹುಕಾಲ ನೆನಪಿಡುತ್ತಿತ್ತು. ನೆರೆಮನೆಗಳ ನಡುವಿನ ಸಣ್ಣ ತಡಬೆಯ ಮೂಲಕ ಮಜ್ಜಿಗೆ, ಹೆಪ್ಪು, ಬೆಂಕಿಯ ಕೆಂಡ, ಹೂವು, ಸುದ್ದಿ ಎಲ್ಲವೂ ದಾಟುತ್ತಿದ್ದವು.

ಹಾಗೆಂದು ಬೇಲಿಯ ಜಗತ್ತನ್ನು ಸೌಹಾರ್ದದ ಚಿತ್ರವಾಗಿ ಮಾತ್ರ ನೋಡುವಂತಿಲ್ಲ. ತಡಬೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ದೊಡ್ಡ ಮನೆಗಳ ಬೇಲಿಗೆ ಮುಳ್ಳು ಹೊತ್ತವರು, ಕುಳಿ ತೋಡಿದವರು ಬಹುಪಾಲು ಕೇರಿಯ ಆಳುಗಳು. ತಾವೇ ಕಟ್ಟಿದ ಬೇಲಿಯ ಒಳಗೆ ಅವರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಅವರ ಸ್ವಂತ ಗುಡಿಸಲಿನ ಸುತ್ತ ಬೇಲಿ ಹಾಕಲು ನೆಲದ ಹಕ್ಕೇ ಇರದ ಸಂದರ್ಭಗಳು ಹೆಚ್ಚು. ದನವನ್ನು ತಡೆದು ಮನುಷ್ಯನನ್ನು ಬಿಡುವ ಸಾಧನವು ಕೆಲವು ಮನುಷ್ಯರನ್ನು ತಡೆಯುವ ಗೆರೆಯೂ ಆಗಿತ್ತು. ಬೇಲಿಯ ಬಗೆಗಿನ ಯಾವ ವಿವರಣೆಯೂ ಈ ಅಂಶವನ್ನು ಬಿಟ್ಟು ಪೂರ್ಣವಾಗದು.

ಬೇಲಿಯ ನ್ಯಾಯ

ಬೇಲಿ ಜಗಳದ ಮೂಲವೂ ಹೌದು, ಜಗಳವನ್ನು ಬಗೆಹರಿಸುವ ಸಾಕ್ಷಿಯೂ ಹೌದು. ದನ ಹಿತ್ತಲಿಗೆ ನುಗ್ಗಿದಾಗ ಊರಿನ ಹಿರಿಯರು ಮೊದಲು ನೋಡುತ್ತಿದ್ದುದು ಬೇಲಿಯನ್ನು. ಬೇಲಿ ಗಟ್ಟಿಯಿದ್ದೂ ಮುರಿದು ನುಗ್ಗಿದ್ದರೆ ತಪ್ಪು ದನದ ಒಡೆಯನದು; ಕಂಡಿ ಮೊದಲೇ ಇದ್ದರೆ ತಪ್ಪು ಹಿತ್ತಲಿನ ಒಡೆಯನದು. ಪದೇ ಪದೇ ಬೇಲಿ ಮುರಿಯುವ ತುಡುಗು ದನದ ಕೊರಳಿಗೆ ಮರದ ತುಂಡನ್ನು ಇಳಿಬಿಡುವುದು ಒಡೆಯನ ಕರ್ತವ್ಯವಾಗಿತ್ತು. ಮಾತಿನಿಂದ ತೀರದಿದ್ದರೆ ದನವನ್ನು ದೊಡ್ಡಿಗೆ ಹೊಡೆಯುತ್ತಿದ್ದರು. ದೊಡ್ಡಿಯ ವ್ಯವಸ್ಥೆಗೆ 1871ರ ಜಾನುವಾರು ಅತಿಕ್ರಮಣ ಕಾಯ್ದೆಯು ಬ್ರಿಟಿಷ್ ಆಡಳಿತದಲ್ಲಿ ಶಾಸನದ ರೂಪ ನೀಡಿತು. ರಾಜ್ಯದಲ್ಲಿ 1966ರಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆ ಬಂದಿತು. ಆದರೆ ನೆರೆಯವನ ದನವನ್ನು ದೊಡ್ಡಿಗೆ ಹೊಡೆಯುವುದೆಂದರೆ ಸಂಬಂಧವನ್ನು ಕಡಿದುಕೊಳ್ಳುವುದೆಂದೇ ಅರ್ಥ. ಮುಯ್ಯಾಳಿಗೆ ಮತ್ತೆ ಅದೇ ಮನೆಯವರು ಬೇಕಾಗಿದ್ದುದರಿಂದ ಜನರು ಆ ಹೆಜ್ಜೆಯನ್ನು ಸುಲಭವಾಗಿ ಇಡುತ್ತಿರಲಿಲ್ಲ.

ಎರಡು ಹಿತ್ತಲುಗಳ ನಡುವಿನ ಬೇಲಿಯನ್ನು ಅರ್ಧರ್ಧ ಹಂಚಿಕೊಂಡು ಕಟ್ಟುವ ಪದ್ಧತಿ ಸಾಮಾನ್ಯ. ಹಸಿಬೇಲಿ ವರ್ಷವರ್ಷಕ್ಕೂ ದಪ್ಪವಾಗುತ್ತದೆ; ಹೊಸ ಗೂಟವನ್ನು ಹಳೆಯದರ ಹೊರಮಗ್ಗುಲಿಗೆ ನೆಡುತ್ತ ಬಂದರೆ ಹತ್ತು ವರ್ಷದಲ್ಲಿ ಬೇಲಿ ಒಂದು ಮೊಳ ನಡೆದಿರುತ್ತದೆ. ಈ ಕಾರಣದಿಂದ ಬೇಲಿಯೊಂದನ್ನೇ ಗಡಿಯೆಂದು ನಂಬದೆ ಬಾಂದುಕಲ್ಲು, ಹಳೆಯ ಮರ, ಹುತ್ತಗಳನ್ನು ಗುರುತಾಗಿ ಇಟ್ಟುಕೊಳ್ಳುತ್ತಿದ್ದರು. ಕನ್ನಡ ನಾಡಿನ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗಲೂ ಮರ, ಹುತ್ತ, ಹಳ್ಳ, ನೆಟ್ಟ ಕಲ್ಲುಗಳನ್ನೇ ಹೆಸರಿಸುತ್ತವೆ ಎಂಬುದು ಇಲ್ಲಿ ಸ್ಮರಣೀಯ.

ಗಾದೆಗಳಲ್ಲಿ ಬೇಲಿಯ ಸ್ಥಾನ ಈ ನ್ಯಾಯಕ್ಕೆ ಹೊಂದಿಕೊಂಡಿದೆ. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬುದು ಕಾವಲುಗಾರನ ದ್ರೋಹಕ್ಕೆ ಕನ್ನಡದಲ್ಲಿ ಇರುವ ಅತ್ಯಂತ ಕಟುವಾದ ಮಾತು. ಇದೇ ಕಲ್ಪನೆಯನ್ನು 12ನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲಿಯೂ ಕಾಣುತ್ತೇವೆ. 'ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ' ಎಂಬ ಗಾದೆ, ಒಂದೇ ಕಡೆಯವನು ಹೇಳುವ ಸಾಕ್ಷ್ಯವನ್ನು ಹಾಸ್ಯ ಮಾಡುತ್ತದೆ. ಎರಡೂ ಗಾದೆಗಳಲ್ಲಿ ಬೇಲಿಯು ನಂಬಿಕೆಯ ಪ್ರತೀಕ. ನಂಬಿಕೆ ಕೆಟ್ಟಾಗಲೇ ಅದು ಗಾದೆಯಾಗುತ್ತದೆ.

ಹೆಂಗಸರು ಮತ್ತು ಬೇಲಿ

ಗೂಟ ಹೂಳುವುದು ಗಂಡಸರ ಕೆಲಸವೆಂದು ಎಣಿಸಿದರೂ ಬೇಲಿಯಲ್ಲಿ ಯಾವ ಗಿಡ ಎಲ್ಲಿರಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಹೆಂಗಸರು. ಬಚ್ಚಲ ಬದಿಯ ಬೇಲಿಗೆ ದಾಸವಾಳ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ಚಕ್ರಮುನಿ, ಬೇಲಿಯ ಮೇಲೆ ಹಬ್ಬಲು ತೊಂಡೆ ಮತ್ತು ಅಮೃತಬಳ್ಳಿ, ಬುಡದ ತಂಪಿನಲ್ಲಿ ಒಂದೆಲಗ. ಕೆಮ್ಮಿಗೆ ಆಡುಸೋಗೆಯ ಕಷಾಯ, ಮೈಕೈ ನೋವಿಗೆ ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರು, ಕಾಳಿನ ಡಬ್ಬಿಗೆ ಹುಳು ಬೀಳದಂತೆ ಒಣಗಿದ ಲಕ್ಕಿ ಎಲೆ, ಊಟಕ್ಕೆ ಚಕ್ರಮುನಿ ಅಥವಾ ಒಂದೆಲಗದ ತಂಬುಳಿ ಇವೆಲ್ಲ ಬೇಲಿಯಿಂದಲೇ ಬರುತ್ತಿದ್ದವು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯು ಹತ್ತಿರದ್ದನ್ನು ಕಡೆಗಣಿಸುವ ಸ್ವಭಾವವನ್ನು ಟೀಕಿಸುತ್ತದೆಯೇ ಹೊರತು ಗಿಡವನ್ನಲ್ಲ. ಸವರಿದ ರೆಂಬೆಯನ್ನು ನೆರೆಯವರು ತಮ್ಮ ಬೇಲಿಗೆ ಒಯ್ಯುತ್ತಿದ್ದರು. ತವರಿನಿಂದ ತಂದ ದಾಸವಾಳದ ಟಿಸಿಲು ಗಂಡನ ಮನೆಯ ಬೇಲಿಯಲ್ಲಿ ಬೇರುಬಿಡುತ್ತಿತ್ತು. ಹೀಗೆ ಒಂದು ಊರಿನ ಬೇಲಿಗಳನ್ನು ಗಮನಿಸಿದರೆ ಆ ಊರಿನ ನಂಟಸ್ತಿಕೆಯ ಜಾಡನ್ನೂ ಗುರುತಿಸಬಹುದಾಗಿತ್ತು.

ಬೇಲಿಗಿಡಗಳ ಚರಿತ್ರೆ

ಬೇಲಿಯ ಸಸ್ಯಗಳೆಲ್ಲವೂ ನಾಡಿನ ಮೂಲದವಲ್ಲ. ಕಾಡುಹರಳು, ಗ್ಲಿರಿಸೀಡಿಯ, ಲಂಟಾನ ಹಾಗೂ ಬಯಲುಸೀಮೆಯ ಕತ್ತಾಳೆ, ಪಾಪಾಸುಕಳ್ಳಿ, ಬಳ್ಳಾರಿ ಜಾಲಿ ಇವು ಅಮೆರಿಕ ಖಂಡಗಳಿಂದ ಬಂದವು. ಜನಪದ ಜ್ಞಾನವು ಹೊಸದನ್ನು ಒಲ್ಲದ ಜಡ ಸಂಪ್ರದಾಯವಲ್ಲ ಎಂಬುದಕ್ಕೆ ಬೇಲಿ ಒಳ್ಳೆಯ ಸಾಕ್ಷಿ. 1791 ಮತ್ತು 1792ರಲ್ಲಿ ಟಿಪ್ಪುಸುಲ್ತಾನನ ವಿರುದ್ಧ ಬಂದ ಬ್ರಿಟಿಷ್ ಸೇನೆಯ ಬರಹಗಳು ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳನ್ನು ಸುತ್ತುವರಿದಿದ್ದ ದಟ್ಟವಾದ ಮುಳ್ಳುಬೇಲಿಯನ್ನು ಉಲ್ಲೇಖಿಸುತ್ತವೆ. ಹಳ್ಳಿಯ ಹಿತ್ತಲಿನ ವಿದ್ಯೆಯೇ ಅಲ್ಲಿ ರಾಜಧಾನಿಯ ರಕ್ಷಣೆಗೆ ಬಳಕೆಯಾಗಿತ್ತು. ಪಾಪಾಸುಕಳ್ಳಿಯು ಮುಂದೆ ಬೇಲಿಯನ್ನು ಬಿಟ್ಟು ಹೊಲ, ಗೋಮಾಳಗಳಿಗೆ ಹಬ್ಬಿ ದಕ್ಷಿಣ ಭಾರತದಲ್ಲಿ ಪಿಡುಗಾಯಿತು. ಅದನ್ನು ತಿನ್ನುವ ಕೀಟವನ್ನು 1926ರಲ್ಲಿ ಶ್ರೀಲಂಕಾದಿಂದ ತಂದು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಪೊದೆಗಳು ಒಣಗಿದವು. ಲಂಟಾನವಂತೂ ಬೇಲಿಯಿಂದ ಕಾಡಿಗೆ ಹಾರಿ ಇಂದಿಗೂ ಹಿಡಿತಕ್ಕೆ ಸಿಕ್ಕಿಲ್ಲ. ಸವರುವ ಕೈ ಇರುವವರೆಗೆ ಗಿಡ ಬೇಲಿಯಾಗಿರುತ್ತದೆ. ಕೈ ತಪ್ಪಿದರೆ ಕಾಡಾಗುತ್ತದೆ ಎಂಬುದನ್ನು ಈ ಚರಿತ್ರೆ ತಿಳಿಸುತ್ತದೆ.

ಬದಲಾವಣೆಯ ಸ್ವರೂಪ

ಇಂದು ಮಲೆನಾಡಿನ ಹಿತ್ತಲುಗಳಲ್ಲಿ ಸಿಮೆಂಟಿನ ಕಂಬ ಮತ್ತು ಮುಳ್ಳುತಂತಿ, ಜಾಲರಿ, ಕಾಂಪೌಂಡು ಗೋಡೆಗಳು ಸಾಮಾನ್ಯವಾಗಿವೆ. ತೋಟಗಳಿಗೆ ಸೌರಶಕ್ತಿಯ ವಿದ್ಯುತ್ ಬೇಲಿ ಬಂದಿದೆ. ತರಕಾರಿ ಪಾತಿಯ ಸುತ್ತ ಹಸಿರು ಬಲೆ ಅಥವಾ ಹಳೆಯ ಸೀರೆಗಳನ್ನು ಎಳೆದು ಕಟ್ಟಿರುವುದೂ ಕಾಣುತ್ತದೆ. ಬದಲಾವಣೆಗೆ ಕಾರಣಗಳು ಸ್ಪಷ್ಟ. ಕೂಲಿಯಾಳುಗಳ ಕೊರತೆ, ಮುಯ್ಯಾಳು ಪದ್ಧತಿಯ ಅಳಿವು, ಅರಣ್ಯದಿಂದ ಗೂಟ ಮತ್ತು ಮುಳ್ಳು ತರುವುದರ ಮೇಲಿನ ನಿರ್ಬಂಧ ಇವು ಪ್ರಮುಖವಾದವು. ಹೆಬ್ಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುವುದರಿಂದ ಉಂಟಾಗುವ ಬಿದಿರಿನ ಅಭಾವವೂ ಅನೇಕರನ್ನು ತಂತಿಯ ಕಡೆಗೆ ತಿರುಗಿಸಿದೆ. ಬಿಟ್ಟುಮೇಯುವ ದನಗಳು ಕಡಿಮೆಯಾಗಿ ಮಂಗ, ಹಂದಿ, ನವಿಲುಗಳ ಕಾಟ ಹೆಚ್ಚಿದೆ; ಹಳೆಯ ಬೇಲಿ ಇವುಗಳಿಗಾಗಿ ರೂಪಿಸಿದ್ದಲ್ಲ. ಪ್ರತಿವರ್ಷದ ಶ್ರಮದಿಂದ ಬಿಡುಗಡೆ ಪಡೆಯಲು ಬಯಸಿದ ಕುಟುಂಬಗಳನ್ನು ಆಕ್ಷೇಪಿಸಲು ಕಾರಣವಿಲ್ಲ.

ಆದರೆ ತಂತಿಬೇಲಿಯೊಂದಿಗೆ ಏನೇನು ಹೋಗುತ್ತದೆ ಎಂಬುದನ್ನು ದಾಖಲಿಸುವುದು ಅಧ್ಯಯನಕಾರರ ಹೊಣೆ. ತಂತಿಗೆ ವರ್ಷಕ್ಕೊಮ್ಮೆ ನೆರೆಯವರ ಕೈ ಬೇಡ. ಅದರಲ್ಲಿ ಮದ್ದಿನ ಸೊಪ್ಪು ಚಿಗುರುವುದಿಲ್ಲ. ಗೇಟಿಗೆ ಬೀಗವಿದೆ, ತಡಬೆಗೆ ಎಡೆಯಿಲ್ಲ. ಹಲವು ಮನೆಗಳ ನಡುವೆ ತಲೆಮಾರುಗಳಿಂದ ಇದ್ದ ಕಾಲುದಾರಿ ತಂತಿ ಬಂದ ವರ್ಷವೇ ಮುಚ್ಚಿಹೋಗುತ್ತದೆ. ರಸ್ತೆ ಸುತ್ತಿ ಹೋಗಲಾರದ ಮುದುಕರಿಗೆ ನೆರೆಮನೆ ದೂರವಾಗುತ್ತದೆ. ಗಡಿಯ ಜಗಳಗಳು ಹಿರಿಯರ ಕಟ್ಟೆಯಿಂದ ಮೋಜಣಿ ಮತ್ತು ನ್ಯಾಯಾಲಯಗಳಿಗೆ ಸಾಗುತ್ತವೆ. ಇನ್ನೊಂದು ಮುಖವೂ ಇದೆ: ಹಕ್ಕುಪತ್ರ ಪಡೆದ ಕುಟುಂಬವೊಂದು ತನ್ನ ಅರ್ಧ ಗುಂಟೆ ಹಿತ್ತಲಿಗೆ ಹಾಕಿದ ತಂತಿಬೇಲಿ, ಆ ಮನೆಯವರ ಹಿಂದಿನ ತಲೆಮಾರು ಕಾಣದಿದ್ದ ಭದ್ರತೆಯ ಗುರುತು. ನಷ್ಟವನ್ನು ಬರೆಯುವಾಗ ಈ ಗಳಿಕೆಯನ್ನೂ ಬರೆಯಬೇಕಾಗುತ್ತದೆ.

ಉಪಸಂಹಾರ

ಒಟ್ಟಾರೆ ನೋಡಿದಾಗ, ಮಲೆನಾಡಿನ ಹಿತ್ತಲ ಬೇಲಿಯು ಪರಿಸರಜ್ಞಾನ, ಸಹಕಾರಿ ಶ್ರಮ, ಜನಪದ ನ್ಯಾಯ ಮತ್ತು ಗೃಹವೈದ್ಯಗಳು ಕೂಡಿದ ಒಂದು ವ್ಯವಸ್ಥೆಯಾಗಿತ್ತು. ಅದು ಬೇರ್ಪಡಿಸುತ್ತಿತ್ತು, ಬೇರ್ಪಡಿಸಿದವರನ್ನು ವರ್ಷಕ್ಕೊಮ್ಮೆ ಒಂದೇ ಹಂಬಿನ ಎರಡು ತುದಿಗಳಲ್ಲಿ ನಿಲ್ಲಿಸುತ್ತಿತ್ತು. ಅದರ ಅಸಮಾನತೆಗಳನ್ನು ಮರಳಿ ತರುವುದು ಯಾರಿಗೂ ಬೇಡ. ಹಸಿಬೇಲಿಯ ಸಸ್ಯಜ್ಞಾನ ಮತ್ತು ತಡಬೆಯ ವಿವೇಕವನ್ನು ಉಳಿಸಿಕೊಳ್ಳಲು ಆ ಅಸಮಾನತೆಗಳು ಅಗತ್ಯವೂ ಅಲ್ಲ. ತಂತಿಯ ಸಾಲಿನಲ್ಲಿಯೇ ಲಕ್ಕಿ, ಆಡುಸೋಗೆಗಳನ್ನು ನೆಡಬಹುದು. ಗೋಡೆಯಲ್ಲಿಯೂ ಒಂದು ತಡಬೆಗೆ ಜಾಗ ಬಿಡಬಹುದು. ಉಣುಗೋಲು, ದಣಪೆ, ತಡಬೆ, ತಡಮೆ, ಅಗಳು, ದರೆ, ಹಂಬು, ಕವೆಗೋಲು ಮೊದಲಾದ ಪದಗಳನ್ನು ಪ್ರದೇಶವಾರು ಸಂಗ್ರಹಿಸಿ, ಅವುಗಳನ್ನು ಬಳಸಿ ಕೆಲಸ ಮಾಡಿದವರ ಮಾತಿನಲ್ಲಿಯೇ ಅವುಗಳ ಅಳತೆ ಮತ್ತು ವಿಧಾನಗಳನ್ನು ದಾಖಲಿಸುವುದು ತಡವಿಲ್ಲದೆ ಆಗಬೇಕಾದ ಕೆಲಸ. ಬೇಲಿ ಕಟ್ಟಬಲ್ಲ ಕೈಗಳು ಈಗ ಮುಪ್ಪಾಗಿವೆ. ಆ ಕೈಗಳು ಇರುವಾಗಲೇ ಹಂಬಿನ ಗಂಟು ಹೇಗೆ ಬೀಳುತ್ತದೆಂಬುದನ್ನು ನೋಡಿ ಬರೆದಿಡಬೇಕಾಗಿದೆ.